ಬಾಗಿಲಿಗೆ ಮಾವು, ಕೋಲಿಗೆ ಸೀರೆ

ಕಾಮನನ್ನು ಸುಟ್ಟ ಬೂದಿ ಆರುವ ಹೊತ್ತಿಗೆ ಉಗಾದಿಗೆ ಎರಡು ವಾರ ಉಳಿದಿರುತ್ತದೆ. ಫಾಲ್ಗುಣದ ಹುಣ್ಣಿಮೆಗೆ ಹೋಳಿ, ಅಮಾವಾಸ್ಯೆ ಕಳೆದ ಮರುದಿನ ಚೈತ್ರದ ಪಾಡ್ಯ. ಈ ನಡುವಿನ ದಿನಗಳಲ್ಲಿ ದಿನಕ್ಕೆ ಅರ್ಧ ತಾಸು ಕೈಯಾಡಿಸಿದರೆ ಹಬ್ಬದ ಬೆಳಿಗ್ಗೆ ಬಾಗಿಲ ಮುಂದೆ ಬೇಕಾದದ್ದೆಲ್ಲ ಸಿದ್ಧವಾಗಿರುತ್ತದೆ. ಹಾಗೆ ಮಾಡದವರು ಅಮಾವಾಸ್ಯೆಯ ರಾತ್ರಿ ಎಂಟಕ್ಕೆ ಅಂಗಡಿಗೆ ಓಡಿ ಪ್ಲಾಸ್ಟಿಕ್ಕಿನ ಮಾವಿನೆಲೆ ತೋರಣ ತರುತ್ತಾರೆ. ಅದು ಹೋದ ವರ್ಷವೂ ಹಸಿರಾಗಿತ್ತು, ಬರುವ ವರ್ಷವೂ ಹಸಿರಾಗೇ ಇರುತ್ತದೆ. ಹೊಸ ವರ್ಷದ ಬಾಗಿಲಿಗೆ ವರ್ಷವೇ ಗೊತ್ತಿಲ್ಲದ ಎಲೆ ಯಾಕೆ ಎಂಬುದಷ್ಟೇ ನನ್ನ ತಕರಾರು.

ಭಾಲ್ಕಿ ಕಡೆಯಿಂದ ರೈಲಿನಲ್ಲಿ ಬಂದರೆ ಕಮಲನಗರ ದಾಟಿದ ಮೇಲೆ ಉದಗೀರ, ಅಂದರೆ ಮಹಾರಾಷ್ಟ್ರ. ಔರಾದ್‌ನಿಂದ ಬೇರೆಯಾಗಿ ತಾಲ್ಲೂಕಾದ ನಮ್ಮೂರು ಕಮಲನಗರದ ಓಣಿಗಳಲ್ಲಿ ಉಗಾದಿಯ ದಿನ ಎರಡು ಬಗೆಯ ಸಿಂಗಾರ ಕಾಣುತ್ತದೆ. ಕನ್ನಡದ ಮನೆಯಲ್ಲಿ ಮಾವಿನ ತೋರಣ, ಹೊಸ ಮಡಕೆಯಲ್ಲಿ ಬೇವಿನ ಪಾನಕ. ಮರಾಠಿ ಮನೆಯಲ್ಲಿ ಪಾಡವಾ, ಕಿಟಕಿಯ ಪಕ್ಕ ಎದ್ದು ನಿಂತ ಗುಡಿ, ಅಂದರೆ ಸೀರೆ ಉಡಿಸಿದ ಕೋಲು. ಸೊಸೆ ಆ ಕಡೆಯವಳು, ಅತ್ತೆ ಈ ಕಡೆಯವಳು ಎಂಬ ಮನೆಗಳಲ್ಲಿ ಎರಡೂ. ಹಾಗಾಗಿ ಇಲ್ಲಿ ಎರಡನ್ನೂ ಹೇಳುತ್ತೇನೆ. ಬೇಕಾದದ್ದನ್ನು ಆರಿಸಿಕೊಳ್ಳಿ.

ಮೊದಲು ಪಂಚಾಂಗ ನೋಡಿ. ಬರಿ ಮುಹೂರ್ತಕ್ಕಲ್ಲ, ಗಿಡಗಳ ಲೆಕ್ಕಕ್ಕೆ. 2024ರಲ್ಲಿ ಉಗಾದಿ ಏಪ್ರಿಲ್ 9ಕ್ಕೆ ಬಂದಿತ್ತು, 2025ರಲ್ಲಿ ಮಾರ್ಚ್ 30ಕ್ಕೆ, 2026ರಲ್ಲಿ ಮಾರ್ಚ್ 19ಕ್ಕೆ. ಚಾಂದ್ರಮಾನದ ಹಬ್ಬ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತ, ಅಧಿಕ ಮಾಸ ಬಂದಾಗ ಒಮ್ಮೆಲೇ ಮುಂದೆ ಜಿಗಿಯುತ್ತದೆ. ಗಿಡಗಳು ಮಾತ್ರ ಸೂರ್ಯನ ಲೆಕ್ಕದವು. ಹಬ್ಬ ಮಾರ್ಚ್ ನಡುವಿಗೆ ಬಂದರೆ ಬದುವಿನ ಮುತ್ತಲದ ಹೂ ಇನ್ನೂ ಕೈಗೆ ಸಿಗುತ್ತದೆ, ಬೇವಿನ ಹೂವಿಗೆ ಮಾತ್ರ ನಾಲ್ಕು ಗಿಡ ಹುಡುಕಬೇಕು. ಏಪ್ರಿಲ್‌ಗೆ ಹೋದರೆ ಬೇವು ತುಂಬಿ ಸುರಿಯುತ್ತಿರುತ್ತದೆ, ಮುತ್ತಲ ಉದುರಿ ಮುಗಿದಿರುತ್ತದೆ. ಯಾವ ವರ್ಷ ಯಾವುದರ ಮೇಲೆ ಭರವಸೆ ಇಡಬೇಕು ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ.

ಮುತ್ತಲದಿಂದ ಶುರು ಮಾಡೋಣ, ಅದು ಮೊದಲು ಹೋಗುವ ಹೂ. ಬೆಳಿಗ್ಗೆ ಗಿಡದ ಕೆಳಗೆ ಬಿದ್ದಿರುವುದನ್ನೇ ಆರಿಸಿ ತನ್ನಿ, ಟೊಂಗೆ ಮುರಿಯುವ ಅಗತ್ಯವಿಲ್ಲ. ನಾಲ್ಕು ಹಿಡಿ ಹಸಿ ಹೂವನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ, ಮರುದಿನ ಸಣ್ಣ ಉರಿಯಲ್ಲಿ ಕಾಲು ತಾಸು ಕುದಿಸಿ ಸೋಸಿದರೆ ಕೇಸರಿ ಬಣ್ಣದ ನೀರು ಸಿಗುತ್ತದೆ. ಹೋಳಿಗೆ ಮಾಡಿದ್ದು ಉಳಿದಿದ್ದರೆ ಅದೇ ಸಾಕು. ಕಡಲೆಕಾಳಿನಷ್ಟು ಪಟಿಕ ಕರಗಿಸಿದರೆ ಬಣ್ಣ ಬಟ್ಟೆಗೆ ಕಚ್ಚಿಕೊಳ್ಳುತ್ತದೆ. ಹಳೆಯ ಧೋತರದ ಅರಿವೆಯನ್ನು ಇದರಲ್ಲಿ ಅದ್ದಿ ನೆರಳಲ್ಲಿ ಒಣಗಿಸಿ, ಗೇಣುದ್ದದ ತ್ರಿಕೋನಗಳಾಗಿ ಕತ್ತರಿಸಿ, ಮೇಲಿನ ಅಂಚನ್ನು ದಾರದ ಮೇಲೆ ಮಡಚಿ ಹೊಲಿದರೆ ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ಪತಾಕೆಯ ಸಾಲು.

ಬಣ್ಣ ಒಂದೇ ಆಯಿತಲ್ಲ ಅನಿಸಿದರೆ ಅಡುಗೆಮನೆಗೆ ಬನ್ನಿ. ಅರಿಶಿನದ ನೀರು ಹಳದಿ. ಅದಕ್ಕೆ ಎಲೆಯಡಿಕೆಯ ಸುಣ್ಣ ಚಿಟಿಕೆಯಷ್ಟು ಬಿದ್ದರೆ ಕಣ್ಣೆದುರೇ ಕೆಂಪಾಗುತ್ತದೆ. ಮನೆಯಲ್ಲಿ ಕುಂಕುಮ ಮಾಡುವುದೂ ಇದೇ ಗುಟ್ಟಿನ ಮೇಲೆ. ಮಕ್ಕಳಿಗೆ ಈ ಆಟ ತೋರಿಸಿ, ಸುಣ್ಣ ಮಾತ್ರ ನಿಮ್ಮ ಕೈಯಲ್ಲೇ ಇರಲಿ, ಕಣ್ಣಿಗೆ ಹೋದರೆ ಕಷ್ಟ. ಅರಿಶಿನದ ಬಣ್ಣ ಬಿಸಿಲು ತಡೆಯುವುದಿಲ್ಲ, ಎರಡು ದಿನಕ್ಕೆ ಪೇಲವವಾಗುತ್ತದೆ. ಅದನ್ನು ಒಳಮನೆಗೆ ಇಟ್ಟುಕೊಂಡು ಹೊರಗೆ ಮುತ್ತಲದ್ದನ್ನು ಕಟ್ಟಿ.

ಹಿಂಗಾರಿಯ ಬಿಳಿಜೋಳ ಕೊಯ್ದು ರಾಶಿ ಆಗುವ ಕಾಲವೂ ಇದೇ. ಬಣವೆಯಲ್ಲಿ ಒಣಗಿದ ದಂಟು ಬೇಕಾದಷ್ಟು. ನಮ್ಮ ಕಡೆ ಹಳ್ಳಿಯಲ್ಲಿ ಬೆಳೆದ ಯಾರನ್ನೇ ಕೇಳಿ, ಸಣ್ಣವರಿದ್ದಾಗ ದಂಟಿನ ಬಂಡಿ ಮಾಡಿದ್ದೇವೆ ಅನ್ನುತ್ತಾರೆ. ಒಂದು ಮೊಳೆಯೂ ಬೇಡ, ಅಂಟೂ ಬೇಡ. ದಂಟಿನ ಮೇಲಿನ ಗಟ್ಟಿ ಸಿಪ್ಪೆಯನ್ನು ಉದ್ದಕ್ಕೆ ಸೀಳಿ ತೆಗೆದರೆ ಸಿಬರು, ಒಳಗಿರುವ ಬಿಳಿ ಹಗುರ ತಿರುಳು ಬೆಂಡು. ಸಿಬರೇ ಮೊಳೆ, ಬೆಂಡೇ ಮರ. ಬೆಂಡನ್ನು ಬೆರಳುದ್ದ ಕತ್ತರಿಸಿ ಸಿಬರು ಚುಚ್ಚಿ ಜೋಡಿಸುತ್ತ ಹೋದರೆ ನೊಗ, ಈಸು, ಅಚ್ಚು ಒಂದೊಂದಾಗಿ ಏಳುತ್ತವೆ. ಗಾಲಿಗೆ ಮಾತ್ರ ಒಂದು ಉಪಾಯ ಬೇಕು. ಸಿಬರನ್ನು ಹತ್ತು ನಿಮಿಷ ನೀರಲ್ಲಿ ನೆನೆಸಿದರೆ ಮುರಿಯದೆ ಬಾಗುತ್ತದೆ. ಬಳೆಯಂತೆ ಸುತ್ತಿ, ತುದಿಗಳನ್ನು ಒಂದು ತುಂಡು ಬೆಂಡಿಗೆ ಚುಚ್ಚಿ ಕೂಡಿಸಿ. ಎಚ್ಚರಿಕೆ ಒಂದೇ, ಸೀಳಿದ ಸಿಬರಿನ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ. ಸೀಳುವ ಕೆಲಸ ದೊಡ್ಡವರದ್ದು, ಜೋಡಿಸುವುದು ಮಕ್ಕಳದ್ದು.

ಬಂಡಿ ಬೇಡವೆಂದರೆ ಸರ ಮಾಡಿ. ಬೆಂಡನ್ನು ಒಂದಿಂಚಿನ ತುಂಡು ಮಾಡಿ, ಮೂರು ಪಾಲು ಮಾಡಿಕೊಂಡು, ಒಂದನ್ನು ಮುತ್ತಲದ ನೀರಿಗೆ, ಒಂದನ್ನು ಅರಿಶಿನಕ್ಕೆ ಅದ್ದಿ, ಒಂದನ್ನು ಬಿಳಿಯಾಗೇ ಬಿಡಿ. ಬೆಂಡು ನೀರನ್ನು ಹೀರುವುದು ಬೇಗ, ಒಂದು ಮುಳುಗು ಸಾಕು. ಬಿಟ್ಟರೆ ಮೆತ್ತಗಾಗಿ ಒಡೆಯುತ್ತದೆ. ಒಣಗಿದ ಮೇಲೆ ಸೂಜಿಯಲ್ಲಿ ಪೋಣಿಸಿದರೆ ತೂಕವಿಲ್ಲದ ಉದ್ದನೆಯ ಮಾಲೆ. ಮದುವೆಯ ಬಾಸಿಂಗಕ್ಕೆ ಬೆಂಡು ಬಳಸುವ ಜಾಣ್ಮೆ ನಮ್ಮ ಹಿರಿಯರಿಗೆ ಗೊತ್ತಿದ್ದದ್ದೇ. ಇದು ಅದರ ಬಡ ತಂಗಿ.

ಇನ್ನು ಸಕ್ಕರೆ ಸರ. ಹೋಳಿಯಿಂದಲೇ ಪೇಟೆಯಲ್ಲಿ ಬಿಳಿ, ಗುಲಾಬಿ, ಹಳದಿ ಸರಗಳು ತೂಗಾಡತೊಡಗುತ್ತವೆ. ಮರಾಠಿಯವರು ಗಾಠಿ ಅನ್ನುತ್ತಾರೆ. ಮಕ್ಕಳ ಕೊರಳಿಗೆ ಹಾಕುವುದೂ ಅದೇ, ಗುಡಿಗೆ ಕಟ್ಟುವುದೂ ಅದೇ. ಪೇಟೆಯಲ್ಲಿ ಮರದ ಅಚ್ಚುಗಳಲ್ಲಿ ದಾರ ಹಾಯಿಸಿ ಪಾಕ ಸುರಿಯುತ್ತಾರೆ. ಮನೆಯಲ್ಲಿ ತುಪ್ಪ ಸವರಿದ ತಾಟು ಸಾಕು. ಪಡ್ಡಿನ ಹಂಚಿದ್ದರೆ ಇನ್ನೂ ಒಳ್ಳೆಯದು, ಗುಂಡಗೆ ಬರುತ್ತವೆ. ಒಂದು ಬಟ್ಟಲು ಸಕ್ಕರೆಗೆ ಕಾಲು ಬಟ್ಟಲು ನೀರು. ಕುದಿ ಬಂದಾಗ ಒಂದು ಚಮಚ ಹಾಲು ಹಾಕಿದರೆ ಸಕ್ಕರೆಯ ಕೊಳೆ ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ತೆಗೆದುಬಿಡಿ. ಪಾಕದ ಒಂದು ಹನಿ ತಾಟಿನ ಮೇಲೆ ಬಿದ್ದ ತಕ್ಷಣ ಗಟ್ಟಿಯಾಗಬೇಕು, ಆಗ ಒಲೆಯಿಂದ ಇಳಿಸಿ. ಇಳಿಸಿದ ಮೇಲೆ ಚಮಚದಿಂದ ತಿರುವುತ್ತಲೇ ಇರಿ. ತಿಳಿಯಾಗಿದ್ದ ಪಾಕ ಮಂಜು ಕವಿದಂತೆ ಬೆಳ್ಳಗಾಗುತ್ತದೆ. ಸುರಿಯುವ ಹೊತ್ತು ಅದೇ. ಒಂದು ನಿಮಿಷ ತಡವಾದರೆ ಪಾತ್ರೆಯಲ್ಲೇ ಕಲ್ಲು. ತಾಟಿನ ಮೇಲೆ ದಪ್ಪ ನೂಲಿನ ದಾರ ಮೊದಲೇ ಹಾಸಿಟ್ಟುಕೊಂಡು, ಅದರ ಮೇಲೆ ಬೆರಳಗಲ ಬಿಟ್ಟು ಬಿಟ್ಟು ಚಮಚ ಚಮಚ ಸುರಿಯಿರಿ. ತಣ್ಣಗಾದ ಮೇಲೆ ದಾರ ಹಿಡಿದು ಮೆಲ್ಲಗೆ ಎತ್ತಿ.

ಇಲ್ಲಿ ಬಹಳ ಜನ ಮಾಡುವ ತಪ್ಪೆಂದರೆ ಪಾಕಕ್ಕೆ ಲಿಂಬೆರಸ ಹಿಂಡುವುದು. ಜಾಮೂನಿನ ಪಾಕಕ್ಕೆ ಲಿಂಬೆ ಹಾಕುವುದು ಸಕ್ಕರೆ ಹರಳುಗಟ್ಟಬಾರದು ಎಂದು. ಇಲ್ಲಿ ಹರಳುಗಟ್ಟುವುದೇ ಬೇಕಾದದ್ದು. ಲಿಂಬೆ ಬಿದ್ದರೆ ಸರ ಅಂಟಂಟಾಗಿ ಜೋಲುತ್ತದೆ. ಇನ್ನೊಂದು ಮಾತು, ಕುದಿಯುವ ಪಾಕ ಮೈಗೆ ಸಿಡಿದರೆ ಬಿಸಿನೀರಿನಂತೆ ಜಾರಿಹೋಗುವುದಿಲ್ಲ, ಅಂಟಿಕೊಂಡು ಸುಡುತ್ತದೆ. ಪಕ್ಕದಲ್ಲಿ ಒಂದು ಬೋಗುಣಿ ತಣ್ಣೀರು ಇಟ್ಟುಕೊಳ್ಳಿ, ಮಕ್ಕಳನ್ನು ಅಂಗಳಕ್ಕೆ ಕಳಿಸಿ.

ತೋರಣದ ವಿಷಯ ಬಂದಾಗ ನಾನು ಸ್ವಲ್ಪ ಹಟದವಳು. ನಮ್ಮ ಭಾಗದಲ್ಲಿ ತೋರಣಾ ಎಂಬ ಹೆಸರಿನ ಊರೇ ಇದೆ. ಇಲ್ಲಿ ಹುಟ್ಟಿ ತೋರಣ ಕಟ್ಟಲು ಬಾರದಿದ್ದರೆ ಹೇಗೆ?

ಮಾವಿನ ತಪ್ಪಲನ್ನು ಅಮಾವಾಸ್ಯೆಯ ಸಂಜೆ, ಬಿಸಿಲು ಇಳಿದ ಮೇಲೆ ತನ್ನಿ. ಮಧ್ಯಾಹ್ನ ಕಿತ್ತ ಎಲೆ ಆಗಲೇ ಬಾಡಿ ಸುಸ್ತಾಗಿರುತ್ತದೆ. ತಾಮ್ರದ ಬಣ್ಣದ ಚಿಗುರು ನೋಡಲು ಚೆಂದ, ಆದರೆ ಬೆಳಿಗ್ಗೆ ಕಟ್ಟಿದರೆ ಹತ್ತು ಗಂಟೆಗೆ ಮುದುಡುತ್ತದೆ. ಬಲಿತ, ಕಡುಹಸಿರು, ಗಂಟುರೋಗ ಇಲ್ಲದ ಎಲೆ ಬೇಕು. ತೊಟ್ಟು ಮುರಿದಾಗ ಒಸರುವ ಸೊನೆ ಕೆಲವರ ಮೈಗೆ ಆಗುವುದಿಲ್ಲ, ತುರಿಕೆ, ಗುಳ್ಳೆ ಏಳುತ್ತವೆ. ಮಾವು ಗೇರಿನ ಕುಲದ್ದೇ, ಆ ಗುಣ ಬಿಟ್ಟಿಲ್ಲ. ಕಿತ್ತ ಕೂಡಲೇ ಕೈ ತೊಳೆದು, ಎಲೆಗಳನ್ನು ತೊಟ್ಟು ಕೆಳಗಾಗಿ ಬಕೆಟ್ ನೀರಿನಲ್ಲಿ ರಾತ್ರಿ ನಿಲ್ಲಿಸಿ. ಬೆಳಿಗ್ಗೆ ಒರೆಸಿ ಕಟ್ಟಿದರೆ ಸಂಜೆವರೆಗೂ ತಲೆ ಎತ್ತಿಕೊಂಡಿರುತ್ತವೆ.

ಮೂರು ಅಡಿಯ ಬಾಗಿಲಿಗೆ ಐದು ಅಡಿ ದಾರ, ಹನ್ನೊಂದು ಎಲೆ, ಎಲೆಯಿಂದ ಎಲೆಗೆ ಮೂರು ಇಂಚು. ಎರಡೂ ಕಡೆ ಉಳಿದ ಅಡಿ ಅಡಿ ದಾರ ಮೊಳೆಗೆ ಸುತ್ತಲು. ಎಲೆಯ ಬೆನ್ನು ನಿಮ್ಮ ಕಡೆ ಇರಲಿ. ತೊಟ್ಟಿನ ಕಡೆಯ ಒಂದಿಂಚು ಭಾಗವನ್ನು ದಾರದ ಮೇಲಿಂದ ಹಿಂದಕ್ಕೆ ಮಡಚಿ, ಮಡಿಕೆಯನ್ನೂ ಎಲೆಯನ್ನೂ ಕೂಡಿಸಿ ಒಂದು ಕಡ್ಡಿ ಚುಚ್ಚಿ, ಹೊಲಿಗೆಯಂತೆ ಒಳಗೆ ಹೋಗಿ ಹೊರಗೆ ಬರಲಿ. ಕಡ್ಡಿ ಎಲ್ಲಿಂದ? ಬಂಡಿ ಮಾಡಿ ಉಳಿದ ಜೋಳದ ಸಿಬರು ಇದೆಯಲ್ಲ, ಅದನ್ನೇ ಒಂದೂವರೆ ಇಂಚು ಕತ್ತರಿಸಿಕೊಳ್ಳಿ. ಎಲೆಗಳ ನಡುವೆ ಬೇವಿನ ಕುಡಿ ಕಟ್ಟುವುದಾದರೆ ಒಂಟಿ ಕಡ್ಡಿ ಬೇಡ, ಚಿಕ್ಕ ಗೊಂಚಲೇ ಇರಲಿ. ಬೇವಿನ ಎಲೆ ಮೊದಲು ಉದುರುತ್ತದೆ, ಗೊಂಚಲಿದ್ದರೆ ನಾಲ್ಕು ಉದುರಿದರೂ ತೋರಣ ಬೋಳಾಗಿ ಕಾಣುವುದಿಲ್ಲ.

ಸ್ಟೇಪ್ಲರ್ ಪಿನ್ ಹೊಡೆದರೆ ಎರಡೇ ನಿಮಿಷದ ಕೆಲಸ, ಗೊತ್ತು. ಒಂದು ವರ್ಷ ನಾನೂ ಹೊಡೆದಿದ್ದೆ. ಒಣಗಿದ ತೋರಣ ತಿಪ್ಪೆ ಸೇರಿತು, ಪಕ್ಕದ ಮನೆಯ ಆಕಳು ಬಂದು ಅದಕ್ಕೆ ಬಾಯಿ ಹಾಕಿತು. ನಮ್ಮ ಆಯಿ ಅಡುಗೆ ಬಿಟ್ಟು ಓಡಿಹೋಗಿ ಅದರ ಬಾಯಿಂದ ಎಳೆದು ತೆಗೆದು, ಒಳಗೆ ಬಂದು ಅಂದದ್ದು ಇಷ್ಟೇ: “ದೇವರ ಬಾಗಿಲಿಗಿ ಕಟ್ಟಿದ್ದು ದನದ ಹೊಟ್ಟಿಗಿ ಮುಳ್ಳ ಆಗಬಾರದವ್ವಾ.” ತಂತಿ, ಪಿನ್ ನುಂಗಿದ ದನದ ಹೊಟ್ಟೆಯಲ್ಲಿ ಅದು ಚುಚ್ಚಿಕೊಂಡು ಕೂತರೆ ಜೀವಕ್ಕೇ ಕುತ್ತು. ಅಂದಿನಿಂದ ನಮ್ಮ ಮನೆಯ ತೋರಣಕ್ಕೆ ಸಿಬರೇ ಗತಿ.

ಹೂವಿನ ಮಾತು ಬೇಗ ಮುಗಿಸುತ್ತೇನೆ. ಚೆಂಡುಹೂವು ಹಬ್ಬದ ಹಿಂದಿನ ದಿನ ದುಬಾರಿ, ಹಿತ್ತಲಲ್ಲಿ ಇದ್ದರೆ ಸರಿ, ಇಲ್ಲದಿದ್ದರೆ ಬೆಂಡಿನ ಸರ ಅದರ ಜಾಗ ತುಂಬುತ್ತದೆ. ಕಣಗಿಲ ಧಾರಾಳ ಸಿಗುತ್ತದೆ, ಬಾಗಿಲಿಗೆ ಕಟ್ಟಬಹುದು. ಆದರೆ ಅದು ವಿಷದ ಗಿಡ. ಬೇವಿನ ಮಡಕೆಯ ಹತ್ತಿರ, ನೈವೇದ್ಯದ ತಾಟಿನ ಹತ್ತಿರ ಬೇಡ.

ಗುಡಿಗೆ ಬರೋಣ. ಐದಾರು ಅಡಿಯ ಬಿದಿರು ಕೋಲು, ಜರಿ ಅಂಚಿನ ಸೀರೆ, ಬೇವಿನ ಟೊಂಗೆ, ಮಾವಿನ ತಪ್ಪಲು, ಹೂಮಾಲೆ, ಸಕ್ಕರೆ ಸರ, ಮೇಲೆ ಬೋರಲು ಹಾಕಲು ತಾಮ್ರದ ಅಥವಾ ಹಿತ್ತಾಳೆಯ ತಂಬಿಗೆ. ಸಾಮಾನು ಇಷ್ಟೇ. ಗುಡಿ ಕೆಡುವುದು ಸಾಮಾನಿನಲ್ಲಿ ಅಲ್ಲ, ಕಟ್ಟುವುದರಲ್ಲಿ. ಕೋಲು ಸಣ್ಣದು, ತಂಬಿಗೆಯ ಬಾಯಿ ಅಗಲ. ಬರಿ ಕೋಲಿನ ಮೇಲೆ ಬೋರಲು ಹಾಕಿದರೆ ಮಧ್ಯಾಹ್ನದ ಗಾಳಿಗೆ ಗಡಗಡ ಅಂದು, ಸಂಜೆಯೊಳಗೆ ಒಮ್ಮೆ ಯಾರದಾದರೂ ತಲೆಯ ಮೇಲೆ. ಅದಕ್ಕೆ ಸೀರೆಯನ್ನು ಮೊದಲು ಅಂಗೈ ಅಗಲದ ನೆರಿಗೆ ಮಾಡಿ, ನೆರಿಗೆಯ ತಲೆಯನ್ನು ಕೋಲಿನ ತುದಿಗೆ ಒಂದು ಗೇಣು ಕೆಳಗೆ ಸುತಳಿಯಿಂದ ಬಿಗಿದು, ಕೋಲಿನ ತುದಿಗೆ ಹಳೆಯ ಅರಿವೆ ಸುತ್ತುತ್ತ ತಂಬಿಗೆಯ ಬಾಯಿಗೆ ಬಿರಡೆಯಂತೆ ಆಗುವಷ್ಟು ದಪ್ಪ ಮಾಡಿ. ಬೇವು, ಮಾವು, ಹೂಮಾಲೆ, ಸಕ್ಕರೆ ಸರವನ್ನು ನೆರಿಗೆ ಕಟ್ಟಿದ ಗಂಟಿಗೇ ಕಟ್ಟಿ. ತಂಬಿಗೆಯನ್ನು ಕೊನೆಗೆ ತಿರುಗಿಸಿ ಒತ್ತಿದರೆ ಅದು ಬಿಗಿಯಾಗಿ ಕೂತು, ಕೆಳಗಿನ ಅರಿವೆಯನ್ನೆಲ್ಲ ಮರೆಮಾಡುತ್ತದೆ. ಬೇವಿನ ಟೊಂಗೆ ಕಟ್ಟುವ ಮೊದಲು ಅದನ್ನು ಸ್ವಚ್ಛ ಬಟ್ಟೆಯ ಮೇಲೆ ಒಮ್ಮೆ ಝಾಡಿಸಿ. ಉದುರಿದ ಹೂವು ಬೇವಿನ ಮಡಕೆಗೆ.

ತಂಬಿಗೆ ಕಪ್ಪಾಗಿದ್ದರೆ ಪೌಡರ್ ಹುಡುಕಬೇಡಿ. ಬೇವಿನ ಪಾನಕಕ್ಕೆ ಹುಣಸೆ ಹಿಂಡಿ ಉಳಿದ ಚರಟಕ್ಕೆ ಉಪ್ಪು ಬೆರೆಸಿ ತಿಕ್ಕಿದರೆ ಹುಳಿ ಆ ಕಪ್ಪನ್ನು ಕರಗಿಸುತ್ತದೆ. ತೊಳೆದ ತಕ್ಷಣ ಒಣ ಬಟ್ಟೆಯಿಂದ ಒರೆಸಿ, ಇಲ್ಲದಿದ್ದರೆ ನೀರಿನ ಕಲೆ ನಿಲ್ಲುತ್ತದೆ. ಆಮೇಲೆ ಅರಿಶಿನ, ಕುಂಕುಮ, ಸ್ವಸ್ತಿಕ.

ಕೋಲನ್ನು ಕಿಟಕಿಯ ಸರಳಿಗೆ ಒಂದು ಕಡೆ ಕಟ್ಟಿದರೆ ತಿರುಗುತ್ತದೆ, ಮೇಲೊಂದು ಕೆಳಗೊಂದು ಎರಡು ಕಡೆ ಕಟ್ಟಿ. ಸರಳಿಲ್ಲದ ಹೊಸ ಮನೆಗಳಲ್ಲಿ ಬಕೆಟ್ಟಿಗೆ ಹಸಿ ಮರಳು ತುಂಬಿ ಅದರಲ್ಲಿ ಊರಬಹುದು. ಬೆಂಗಳೂರು, ಪುಣೆಯ ಬಾಡಿಗೆ ಮನೆಯಲ್ಲಿರುವ ನಮ್ಮೂರ ಮಕ್ಕಳಿಗೆ ಸೀರೆಯ ಗುಡಿಗೆ ಜಾಗವಿರುವುದಿಲ್ಲ. ಅವರಿಗೆ ಒಂದೂವರೆ ಅಡಿಯ ಕೋಲು, ಒಂದು ಗುಳೇದಗುಡ್ಡ ಖಣ, ಪೂಜೆಯ ಪಂಚಪಾತ್ರೆ. ಖಣದ ಅಂಚು ಮೊದಲೇ ಚೆಂದ, ನೆರಿಗೆ ಹಿಡಿದರೆ ಆಯಿತು, ಮೇಜಿನ ಮೇಲೆ ಒಂದು ಚೆಂಬು ಅಕ್ಕಿಯಲ್ಲಿ ನಿಲ್ಲುತ್ತದೆ.

ರಂಗೋಲಿಯನ್ನು ಯಾರಿಗೂ ಕಲಿಸಬೇಕಿಲ್ಲ, ಓಣಿಯ ಪ್ರತಿ ಮನೆಯಲ್ಲೂ ನನಗಿಂತ ಚೆನ್ನಾಗಿ ಹಾಕುವವರಿದ್ದಾರೆ. ಎರಡು ಸೂಚನೆ ಮಾತ್ರ. ಒಂದು, ಮರಾಠಿ ಮನೆಗಳ ಚೈತ್ರಾಂಗಣವನ್ನು ಒಮ್ಮೆ ನೋಡಿ. ಚೈತ್ರದಲ್ಲಿ ಗೌರಿಗೆಂದು ಬರೆಯುವ ಆ ರಂಗೋಲಿಯಲ್ಲಿ ಚುಕ್ಕಿ ಲೆಕ್ಕವಿಲ್ಲ. ತೊಟ್ಟಿಲಿನಲ್ಲಿ ಗೌರಿ, ಸೂರ್ಯ, ಚಂದ್ರ, ಆಮೆ, ಹಾವು, ಶಂಖ, ಚಕ್ರ, ತುಳಸಿ, ಗೋಪದ್ಮ, ಹಣಿಗೆ, ಕುಂಕುಮದ ಭರಣಿ, ಹೀಗೆ ಮನೆಯೊಳಗಿನದೂ ಹೊರಗಿನದೂ ಒಂದೇ ಅಂಗಳದಲ್ಲಿ ಸೇರುತ್ತವೆ. ಗೆರೆ ಸೊಟ್ಟಗಾದರೂ ನಡೆಯುತ್ತದೆ, ಅದಕ್ಕೇ ಮಕ್ಕಳಿಗೆ ಇದು ಹೇಳಿಮಾಡಿಸಿದ್ದು. ಒಬ್ಬೊಬ್ಬರಿಗೆ ಒಂದೊಂದು ಚಿತ್ರ ಹಂಚಿಬಿಡಿ.

ಎರಡನೆಯದು ನಮ್ಮ ಜಿಲ್ಲೆಯದೇ ಸೊತ್ತು, ಬಿದ್ರಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ತಂತಿ ಕೂರಿಸಿ, ಬೀದರ್ ಕೋಟೆಯ ಮಣ್ಣಿನಿಂದ ಕಪ್ಪು ಬರಿಸುವ ಈ ಕಸುಬಿಗೆ 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಅದರ ಚೆಲುವೆಲ್ಲ ಕಪ್ಪಿನ ಮೇಲೆ ಬಿಳಿ ಬಳ್ಳಿ ಓಡುವುದರಲ್ಲಿ. ಸೆಗಣಿ ಸಾರಿಸಿ ಒಣಗಿದ ಅಂಗಳವಾಗಲಿ, ಥಳಿ ಹೊಡೆದು ಕಪ್ಪೇರಿದ ಶಹಾಬಾದಿ ಪರಶಿಯಾಗಲಿ, ಅದೇ ಕಪ್ಪು ನಮ್ಮ ಕಾಲ ಕೆಳಗಿದೆ. ಬಣ್ಣದ ಪುಡಿಗಳ ಡಬ್ಬಿ ಮುಚ್ಚಿಟ್ಟು, ಬರಿ ಬಿಳಿ ಪುಡಿಯಲ್ಲಿ ಬಿದ್ರಿ ಹೂದಾನಿಯ ಒಂದು ಬಳ್ಳಿಯನ್ನು ಹೊಸ್ತಿಲುದ್ದಕ್ಕೂ ಎಳೆದು ನೋಡಿ. ಪರಶಿಯ ಮೇಲೆ ನೀರು ನಿಂತಿದ್ದಾಗ ಹಾಕಿದರೆ ಪುಡಿ ಕದಡಿ ಕಾಣದಾಗುತ್ತದೆ, ನೀರು ಇಂಗುವವರೆಗೆ ಕಾಯಬೇಕು.

ಉಳಿದದ್ದು ಬೇವಿನ ಮಡಕೆ. ನಮ್ಮ ಕಡೆ ಬೇವು ಅಂದರೆ ಬೇವುಬೆಲ್ಲದ ಚಿಟಿಕೆಯಲ್ಲ, ಕುಡಿಯುವ ಪಾನಕ. ಹುಣಸೆ ನೀರು, ಬೆಲ್ಲ, ಮಾವಿನಕಾಯಿ, ಬೇವಿನ ಹೂವು, ಪುಟಾಣಿ ಹಿಟ್ಟು, ಕೊಬ್ಬರಿ. ಹೊಸ ಮಡಕೆಯನ್ನು ಹಿಂದಿನ ದಿನವೇ ನೀರಲ್ಲಿ ಮುಳುಗಿಸಿಡಿ, ಇಲ್ಲದಿದ್ದರೆ ಪಾನಕವನ್ನು ಅದೇ ಕುಡಿಯುತ್ತದೆ. ಸಿಂಗಾರದ ಹುಮ್ಮಸ್ಸಿನಲ್ಲಿ ಕೆಲವರು ಮಡಕೆಗೆ ಆಯಿಲ್ ಪೇಂಟ್ ಬಳಿಯುತ್ತಾರೆ. ಮಡಕೆ ತಂಪು ಕೊಡುವುದು ಅದರ ಸಣ್ಣ ರಂಧ್ರಗಳಿಂದ ನೀರು ಒಸರಿ ಆರುವುದರಿಂದ. ಪೇಂಟ್ ಬಳಿದರೆ ರಂಧ್ರ ಮುಚ್ಚಿಹೋಗಿ ಮಡಕೆ ಬರಿ ಡಬ್ಬಿ. ಕೊರಳಿನ ಸುತ್ತ ಸುಣ್ಣದ ನೀರಿನಲ್ಲಿ ಒಂದು ಅಲೆ, ಅಲೆಯ ಒಳಗೆ ಕೆಮ್ಮಣ್ಣಿನ ಬೊಟ್ಟು, ಕೊರಳಿಗೆ ಅರಿಶಿನ ದಾರದಲ್ಲಿ ಒಂದು ಮಾವಿನೆಲೆ. ಹೊಟ್ಟೆಯ ಭಾಗ ಖಾಲಿ ಬಿಡಿ, ಅದು ಉಸಿರಾಡಬೇಕು. ಬೇಸಿಗೆಯಿಡೀ ಕುಡಿಯುವ ನೀರಿಗೆ ಅದೇ ಮಡಕೆ ನಡೆಯುತ್ತದೆ.

ಗುಡಿಯನ್ನು ಹೊತ್ತು ಮುಳುಗುವ ಮೊದಲು ಇಳಿಸುವುದು ವಾಡಿಕೆ. ಸೀರೆ ಕೊಡವಿ ಮಡಚಿಡಿ, ಜರಿಗೆ ಬೇವಿನ ಎಲೆ ಅಂಟಿಕೊಂಡಿರುತ್ತದೆ. ತೋರಣ ತಾನಾಗಿ ಸುರುಳಿಯಾಗುವವರೆಗೆ ಇರಲಿ, ಆಮೇಲೆ ಹಂಡೆಯ ಒಲೆಗೆ. ಪತಾಕೆಗಳನ್ನು ಒಗೆಯದೆ ಮಡಚಿ ಟ್ರಂಕಿಗೆ ಹಾಕಿ, ಬಸವ ಜಯಂತಿಗೆ ಮತ್ತೆ ಬೇಕಾಗುತ್ತವೆ. ಸಕ್ಕರೆ ಸರ ಮಾತ್ರ ಅದೇ ಸಂಜೆ ಮಕ್ಕಳಿಗೆ ಹಂಚಿಬಿಡಿ, ರಾತ್ರಿ ಕಳೆದರೆ ಇರುವೆಗಳ ಪಾಲು.